ಟ್ರೇಲರ್‌ನ ಕಮಾನು ಪಟ್ಟಿ ಮುರಿದರೆ ಯಾವ ಸ್ಪ್ರಿಂಗ್ ತರಬೇಕು?

ಪ್ರಶ್ನೆ: ಅಮೆರಿಕದ ಟೆಕ್ಸಾಸ್‌ನಲ್ಲಿದ್ದೇವೆ. ತೋಟದ ಕೆಲಸಕ್ಕೆಂದು 5×8 ಅಡಿಯ, ಒಂದೇ ಆಕ್ಸಲ್ ಇರುವ ಹಳೆಯ ಯುಟಿಲಿಟಿ ಟ್ರೇಲರ್ ಕೊಂಡಿದ್ದೆ. ಕಳೆದ ವಾರ ಮಣ್ಣು ತರುವಾಗ ಎಡಗಡೆಯ ಲೀಫ್ ಸ್ಪ್ರಿಂಗ್‌ನ ಮೇಲಿನ ಪಟ್ಟಿ ಮುಂದಿನ ಕಣ್ಣಿನ (ಬೋಲ್ಟ್ ಕೂರುವ ಸುರುಳಿ ತುದಿ) ಹತ್ತಿರ ತುಂಡಾಯಿತು. ಈಗಿರುವುದು 3 ಪಟ್ಟಿಯ ಸ್ಪ್ರಿಂಗ್. ಟ್ರೇಲರ್ ಮೇಲೆ ಯಾವ ಸ್ಟಿಕರೂ ಉಳಿದಿಲ್ಲ, ಟೈರು 13 ಇಂಚಿನದು. ಅಂಗಡಿಯಲ್ಲಿ ಅದೇ ಉದ್ದದಲ್ಲಿ 3, 4, 5 ಪಟ್ಟಿಯವು ಸಿಗುತ್ತವೆ. 5 ಪಟ್ಟಿಯದನ್ನೇ ಹಾಕಿದರೆ ಇನ್ನೂ ಹೆಚ್ಚು ಹೇರಬಹುದಲ್ಲವೇ? ಮುರಿದಿರುವ ಒಂದು ಕಡೆ ಮಾತ್ರ ಬದಲಿಸಿದರೆ ಸಾಕೇ?

ಉತ್ತರ: ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ‘ಇಲ್ಲ’ ಎಂದೇ. 5 ಪಟ್ಟಿ ಹಾಕಿದರೆ ಟ್ರೇಲರ್‌ನ ಶಕ್ತಿ ಹೆಚ್ಚುವುದಿಲ್ಲ. ಬದಲಿಸುವುದಾದರೆ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಸ್ಪ್ರಿಂಗ್ ಆರಿಸುವುದು ಈ ಕೆಲಸದ ಕೊನೆಯ ಹೆಜ್ಜೆ. ಅದಕ್ಕೂ ಮೊದಲು ಆಕ್ಸಲ್ ಎಷ್ಟು ಹೊರುತ್ತದೆ, ಟೈರು ಎಷ್ಟು ಹೊರುತ್ತದೆ, ನೀವು ನಿಜಕ್ಕೂ ಎಷ್ಟು ಹೇರುತ್ತೀರಿ ಎಂಬುದು ಗೊತ್ತಾಗಬೇಕು. ಮೊದಲ ಎರಡರಲ್ಲಿ ಯಾವುದು ಕಡಿಮೆಯೋ, ಹೇರುವ ಭಾರ ಅದರೊಳಗಿರಬೇಕು; ಅದೇ ಟ್ರೇಲರ್‌ನ ಮಿತಿ. ಸ್ಪ್ರಿಂಗ್ ಆ ಮಿತಿಗೆ ಹೊಂದಬೇಕು.

ಮುರಿದ ಪಟ್ಟಿಯನ್ನು ಎಸೆಯುವ ಮೊದಲು ಅದರ ಬಾಯನ್ನು ಬೆಳಕಿನಲ್ಲಿ ಹಿಡಿದು ನೋಡಿ. ಲೋಹ ಪೂರ್ತಿ ಹೊಸದಾಗಿ, ಬೂದು ಬಣ್ಣದಲ್ಲಿ ಹರಳುಹರಳಾಗಿ ಕಂಡರೆ ಒಂದೇ ಏಟಿಗೆ ಮುರಿದಿದೆ ಎಂದರ್ಥ: ಗುಂಡಿಗೆ ಇಳಿದದ್ದೋ, ಅತಿ ಭಾರವೋ ಕಾರಣ. ಒಂದು ಮೂಲೆಯಲ್ಲಿ ತುಕ್ಕು ಹಿಡಿದ ಕಪ್ಪು ಭಾಗವಿದ್ದು, ಉಳಿದದ್ದು ಮಾತ್ರ ಹೊಳೆಯುತ್ತಿದ್ದರೆ ಬಿರುಕು ಬಹಳ ದಿನದಿಂದ ಬೆಳೆಯುತ್ತಿತ್ತು, ಕೊನೆಯ ಲೋಡು ಅದನ್ನು ಮುಗಿಸಿತು ಅಷ್ಟೆ. ಹಾಗಿದ್ದರೆ ಬಲಗಡೆಯದರಲ್ಲೂ ಅಂಥದ್ದೇ ಬಿರುಕು ಹುಟ್ಟಿರುವ ಸಂಭವ ಹೆಚ್ಚು. ಎರಡೂ ಒಟ್ಟಿಗೆ ಹಾಕಿದವು, ಒಂದೇ ಭಾರ ಹೊತ್ತವು, ಒಂದೇ ಮಳೆಯಲ್ಲಿ ನೆಂದವು.

ಮುರಿದ ಜಾಗವೂ ಕಾರಣವನ್ನು ಹೇಳುತ್ತದೆ. ಪಟ್ಟಿ ನಟ್ಟನಡುವೆ, ಪಟ್ಟಿಗಳನ್ನು ಒಟ್ಟಿಗೆ ಪೋಣಿಸಿ ಹಿಡಿಯುವ ಸೆಂಟರ್ ಬೋಲ್ಟ್‌ನ ತೂತಿನಲ್ಲಿ ಮುರಿದರೆ ಹೆಚ್ಚಿನ ಪಾಲು, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲವಾಗಿತ್ತು ಎಂದು ತಿಳಿಯಬೇಕು. ಯು-ಬೋಲ್ಟ್ ಬಿಗಿಯಾಗಿದ್ದಾಗ ಆ ನಡುಭಾಗ ಬಾಗುವುದೇ ಇಲ್ಲ. ಸಡಿಲವಾದಾಗ ಬಾಗತೊಡಗುತ್ತದೆ, ತೂತು ಇರುವಲ್ಲೇ ಪಟ್ಟಿ ದುರ್ಬಲವಾದ್ದರಿಂದ ಅಲ್ಲೇ ಸೀಳುತ್ತದೆ. ಎರಡನೇ ಪಟ್ಟಿಯ ತುದಿ ಮೇಲಿನ ಪಟ್ಟಿಗೆ ತಾಗುವಲ್ಲಿ ಮುರಿದರೆ ಅಲ್ಲಿ ಉಜ್ಜಿ ಉಜ್ಜಿ ಆದ ಗೀರು, ತುಕ್ಕಿನ ಕುಳಿ ಕಾರಣ. ನಿಮ್ಮದರಂತೆ ಕಣ್ಣಿನ ಹತ್ತಿರ ಮುರಿದರೆ ನೋಡಬೇಕಾದದ್ದು ಮೂರು: ಅತಿ ಭಾರ, ಸವೆದುಹೋದ ಬುಷ್ (ಕಣ್ಣಿನೊಳಗೆ ಬೋಲ್ಟಿನ ಸುತ್ತ ಕೂರುವ ಬಳೆ), ಮತ್ತು ಹಿಂದಿನ ಶ್ಯಾಕಲ್ (ಹಿಂದಿನ ಕಣ್ಣನ್ನು ಫ್ರೇಮ್‌ಗೆ ಸೇರಿಸುವ, ಅಲ್ಲಾಡುವ ಜೋಡುಪಟ್ಟಿ) ತುಕ್ಕು ಹಿಡಿದು ಜಾಮ್ ಆಗಿರುವುದು. ಭಾರ ಬಿದ್ದಾಗ ಬಾಗಿದ ಸ್ಪ್ರಿಂಗ್ ನೇರವಾಗುತ್ತದೆ, ನೇರವಾದಷ್ಟೂ ಅದರ ಉದ್ದ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ದಾರಿ ಬಿಡುವುದೇ ಶ್ಯಾಕಲ್‌ನ ಕೆಲಸ. ಅದು ಅಲ್ಲಾಡದೆ ಕುಳಿತರೆ ಒತ್ತಡವೆಲ್ಲ ಕಣ್ಣಿನ ಬುಡಕ್ಕೆ ಬೀಳುತ್ತದೆ. ಈ ಕಾರಣ ಸರಿಪಡಿಸದೆ ಹೊಸ ಸ್ಪ್ರಿಂಗ್ ಹಾಕಿದರೆ ಅದೂ ಅಲ್ಲೇ ಮುರಿಯುತ್ತದೆ.

ಈಗ ಆಕ್ಸಲ್‌ನ ಮಿತಿ ಪತ್ತೆ ಮಾಡೋಣ. ಕಾರ್ಖಾನೆಯಲ್ಲಿ ತಯಾರಾದ ಟ್ರೇಲರ್ ಆಗಿದ್ದರೆ ಅಮೆರಿಕದ ನಿಯಮದಂತೆ ಎಡಬದಿಯ ಮುಂದಿನ ಅರ್ಧಭಾಗದಲ್ಲಿ ಪ್ರಮಾಣ ಪಟ್ಟಿಕೆ ಇರಬೇಕು. ಒಟ್ಟು ತೂಕದ ಮಿತಿಯೂ ಆಕ್ಸಲ್‌ನ ಮಿತಿಯೂ ಅದರಲ್ಲೇ ಇರುತ್ತವೆ. ಬಣ್ಣದ ಕೆಳಗೆ ಮುಚ್ಚಿಹೋಗಿರಬಹುದು, ಒಮ್ಮೆ ಕೆರೆದು ನೋಡಿ. ಆಕ್ಸಲ್ ಕೊಳವೆಯ ನಡುವೆ, ಹಿಂಬದಿಯಲ್ಲಿ, ತಯಾರಕರ ಚಿಕ್ಕ ಸ್ಟಿಕರ್ ಅಥವಾ ತಗಡು ಇರುವುದೂ ಉಂಟು. ಏನೂ ಸಿಗದಿದ್ದರೆ ಚಕ್ರದ ಹಬ್ ಬಿಚ್ಚಿ ಬೇರಿಂಗ್ ನಂಬರ್ ಓದುವುದೇ ನಂಬುವಂಥ ದಾರಿ. ಒಳಗಿನದೂ ಹೊರಗಿನದೂ ಎರಡೂ ಎಲ್44649 ಆಗಿದ್ದರೆ ಸ್ಪಿಂಡಲ್ (ಚಕ್ರ ತಿರುಗುವ ಆಕ್ಸಲ್ ತುದಿ) 1 1/16 ಇಂಚಿನದು, ಸಾಮಾನ್ಯವಾಗಿ 2,000 ಪೌಂಡಿನ ಆಸುಪಾಸಿನ ಆಕ್ಸಲ್. ಒಳಗೆ ಎಲ್68149, ಹೊರಗೆ ಎಲ್44649 ಇದ್ದರೆ 3,500 ಪೌಂಡಿನದು. ಎರಡೂ ಎಲ್44643 ಆದರೆ 1 ಇಂಚಿನ ಸ್ಪಿಂಡಲ್, ಅದು ಇನ್ನೂ ಹಗುರವಾದ ಕೆಲಸದ್ದು. ಕೊಳವೆಯ ದಪ್ಪವೂ ಸುಳಿವು ಕೊಡುತ್ತದೆ. 3,500 ಪೌಂಡಿನ ಆಕ್ಸಲ್ ಸಾಮಾನ್ಯವಾಗಿ 2 3/8 ಇಂಚು ವ್ಯಾಸದ ಗುಂಡು ಕೊಳವೆ. ಅದಕ್ಕಿಂತ ಸಣ್ಣದಾದರೆ 3,500 ಎಂದು ಊಹಿಸಿಕೊಳ್ಳಬೇಡಿ. ಸ್ಟಿಕರೂ ಇಲ್ಲ, ಬೇರಿಂಗ್ ನಂಬರೂ ಅಳಿಸಿದೆ ಎಂದಾದರೆ ಕಡಿಮೆಯದನ್ನೇ ಹಿಡಿಯಿರಿ.

ಟೈರಿನ ಮಿತಿ ಅದರ ಪಕ್ಕೆಯ ಮೇಲೇ ಅಚ್ಚಾಗಿರುತ್ತದೆ. 13 ಇಂಚಿನ ಸಾಮಾನ್ಯ ಟ್ರೇಲರ್ ಟೈರು ಎಸ್‌ಟಿ175/80ಆರ್13. ಅದರಲ್ಲಿ ಲೋಡ್ ರೇಂಜ್ (ಭಾರ ಹೊರುವ ದರ್ಜೆ) ಬಿ ಆದರೆ 35 ಪಿಎಸ್‌ಐ ಗಾಳಿಗೆ ಒಂದೊಂದು 1,100 ಪೌಂಡು, ಸಿ ಆದರೆ 50 ಪಿಎಸ್‌ಐ ಗಾಳಿಗೆ 1,360 ಪೌಂಡು ಹೊರುತ್ತದೆ. ಗಾಳಿ ಕಡಿಮೆಯಾದರೆ ಈ ಅಂಕಿಯೂ ಇಳಿಯುತ್ತದೆ. ಇನ್ನೂ ಚಿಕ್ಕ ಟ್ರೇಲರ್‌ಗಳ 4.80-12 ಟೈರಾದರೆ ಬಿ ಬಗೆಯದು 60 ಪಿಎಸ್‌ಐನಲ್ಲಿ 780 ಪೌಂಡು, ಸಿ ಬಗೆಯದು 90 ಪಿಎಸ್‌ಐನಲ್ಲಿ 990 ಪೌಂಡು ಮಾತ್ರ. ಹಾಗಾಗಿ ಅಂಥ ಚಕ್ರ ಇರುವ ಟ್ರೇಲರ್‌ಗೆ 1,750 ಪೌಂಡಿನ ಸ್ಪ್ರಿಂಗ್ ಹಾಕಿ ಏನೂ ಪ್ರಯೋಜನವಿಲ್ಲ.

ಮೂರನೆಯದು ಹೇರುವ ಭಾರ. ಹೆಚ್ಚಿನವರು ತಪ್ಪುವುದೇ ಇಲ್ಲಿ, ಏಕೆಂದರೆ ಕಣ್ಣಳತೆಗೆ ಮಣ್ಣಿನ ತೂಕ ಸಿಗುವುದಿಲ್ಲ. 5×8 ಅಡಿಯ ಟ್ರೇಲರ್‌ನಲ್ಲಿ 1 ಅಡಿ ಎತ್ತರಕ್ಕೆ ತುಂಬಿದರೆ 40 ಘನ ಅಡಿ, ಅಂದರೆ ಸುಮಾರು ಒಂದೂವರೆ ಘನ ಗಜ. ಒಣ ಮಲ್ಚ್ (ಗಿಡದ ಬುಡಕ್ಕೆ ಹೊದಿಸುವ ತೊಗಟೆ, ಮರದ ಚೂರು) ಆದರೆ ಘನ ಗಜಕ್ಕೆ 600ರಿಂದ 800 ಪೌಂಡು, ಅಷ್ಟು ತುಂಬಿದರೂ ಸಾವಿರದ ಆಚೆಈಚೆ ನಿಲ್ಲುತ್ತದೆ. ಅದೇ ಜಾಗಕ್ಕೆ ಮೇಲ್ಮಣ್ಣು ತುಂಬಿ: ಒಂದು ಘನ ಗಜವೇ 2,000 ಪೌಂಡು ದಾಟುತ್ತದೆ, ಮಳೆ ಬಿದ್ದಿದ್ದರೆ ಇನ್ನೂ ಮೇಲೆ. ಒಂದೂವರೆ ಗಜ ಎಂದರೆ 3,000 ಪೌಂಡಿಗೂ ಹೆಚ್ಚು. ಜಲ್ಲಿಕಲ್ಲಾದರೆ ಘನ ಗಜಕ್ಕೆ 2,700 ಪೌಂಡಿನ ಲೆಕ್ಕ. 2,000 ಪೌಂಡಿನ ಆಕ್ಸಲ್‌ನ ಟ್ರೇಲರ್‌ಗೆ ಮಣ್ಣು 6 ಇಂಚಿನ ಎತ್ತರಕ್ಕೆ ಬಂದರೆ ಅಲ್ಲಿಗೆ ಲೋಡು ಮುಗಿಯಿತು. ನೀವು ಮಣ್ಣು ತರುವಾಗ ಮುರಿಯಿತು ಎಂದಿದ್ದೀರಿ. ಅವತ್ತು ಎಷ್ಟು ಎತ್ತರ ತುಂಬಿತ್ತೆಂದು ನೆನಪಿಸಿಕೊಂಡು ಗುಣಿಸಿ ನೋಡಿ.

ನಿಮ್ಮ ಆಕ್ಸಲ್ 2,000 ಪೌಂಡಿನದು, ಟ್ರೇಲರ್ ಖಾಲಿ ತೂಕ 500 ಪೌಂಡು ಎಂದಿಟ್ಟುಕೊಂಡು ಲೆಕ್ಕ ಹಾಕೋಣ. ನಿಜವಾದ ಖಾಲಿ ತೂಕವನ್ನು ಹೆದ್ದಾರಿ ಬದಿಯ ಲಾರಿ ತೂಕದ ಕಟ್ಟೆಯಲ್ಲೋ, ಮಣ್ಣು-ಜಲ್ಲಿ ಮಾರುವ ಯಾರ್ಡಿನ ತೂಕದ ಯಂತ್ರದಲ್ಲೋ ಒಮ್ಮೆ ನೋಡಿಸಿಬಿಡಿ, ಆ ಅಂಕಿ ಕೊನೆತನಕ ಉಪಯೋಗಕ್ಕೆ ಬರುತ್ತದೆ. ಲೋಡು ಸೇರಿ ಒಟ್ಟು 2,000 ಪೌಂಡು ಆಯಿತೆನ್ನಿ. ಅದರಲ್ಲಿ 10ರಿಂದ 15 ಶೇಕಡಾ ಹಿಚ್ (ಕಾರಿಗೆ ಕೂಡಿಸುವ ಕೊಂಡಿ) ಮೇಲೆ ಬೀಳಬೇಕು, ಇಲ್ಲದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ. 10 ಶೇಕಡಾ ಹಿಡಿದರೆ ಆಕ್ಸಲ್ ಮೇಲೆ ಉಳಿಯುವುದು 1,800. ಆಕ್ಸಲ್, ಹಬ್, ಚಕ್ರಗಳ ತೂಕವನ್ನು ಸ್ಪ್ರಿಂಗ್ ಹೊರುವುದಿಲ್ಲ, ಅವು ಸ್ಪ್ರಿಂಗ್‌ನ ಕೆಳಗಿವೆ. ಅದಕ್ಕೆ ಸುಮಾರು 150 ಕಳೆಯಿರಿ. 1,650 ಉಳಿಯಿತು, ಒಂದೊಂದು ಸ್ಪ್ರಿಂಗ್‌ಗೆ 825. ಹಾಗಾದರೆ ತಲಾ 1,000 ಪೌಂಡಿನ ಸ್ಪ್ರಿಂಗ್ ಸಾಕು, 1,250 ಪೌಂಡಿನದು ಧಾರಾಳ. 1,750 ಪೌಂಡಿನದು 3,500 ಪೌಂಡಿನ ಆಕ್ಸಲ್‌ಗೆ ಮಾಡಿದ್ದು, ಅದು ನಿಮಗೆ ಬೇಡ.

ಅಂಗಡಿಯಲ್ಲಿ ಒಂದು ವಿಷಯ ಖಾತ್ರಿ ಮಾಡಿಕೊಳ್ಳಿ. ಸ್ಪ್ರಿಂಗ್‌ನ ಸಾಮರ್ಥ್ಯವನ್ನು ಸಾಮಾನ್ಯವಾಗಿ ಒಂದಕ್ಕೆ ಹೇಳುತ್ತಾರೆ. ಆದರೆ ಜೋಡಿಯಾಗಿ ಮಾರುವ ಕಿಟ್‌ಗಳಲ್ಲಿ ಕೆಲವರು ಜೋಡಿಯ ಅಂಕಿ ಬರೆಯುತ್ತಾರೆ, ಮತ್ತೆ ಕೆಲವರು ಅದು ಹೊಂದುವ ಆಕ್ಸಲ್‌ನ ಅಂಕಿ ಬರೆಯುತ್ತಾರೆ. "2,500" ಎಂದು ಕಂಡರೆ ಅದು ಒಂದಕ್ಕೋ ಎರಡಕ್ಕೋ ಎಂದು ಕೇಳದೆ ದುಡ್ಡು ಕೊಡಬೇಡಿ.

ಹೆಚ್ಚು ಪಟ್ಟಿ ಯಾಕೆ ಬೇಡ ಎಂಬುದಕ್ಕೆ ಅಂಕಿಯಲ್ಲೇ ಉತ್ತರವಿದೆ. 25¼ ಇಂಚು ಉದ್ದ, 1¾ ಇಂಚು ಅಗಲ, ¼ ಇಂಚು ದಪ್ಪದ 3 ಪಟ್ಟಿಯ ಸ್ಪ್ರಿಂಗನ್ನು 1 ಇಂಚು ಕುಗ್ಗಿಸಲು ಲೆಕ್ಕದ ಪ್ರಕಾರ ಸುಮಾರು 410 ಪೌಂಡು ಬೇಕು. ಅದೇ ಅಳತೆಯ 5 ಪಟ್ಟಿಯದಕ್ಕೆ 680. ಖಾಲಿ ಟ್ರೇಲರ್‌ನಲ್ಲಿ ಒಂದೊಂದು ಸ್ಪ್ರಿಂಗ್ ಮೇಲೆ ಬೀಳುವುದು ಬರೀ 150 ಪೌಂಡು. 3 ಪಟ್ಟಿಯದು ಅಷ್ಟಕ್ಕೆ ಮೂರನೇ ಒಂದು ಇಂಚಿಗಿಂತ ತುಸು ಹೆಚ್ಚು ಕುಗ್ಗುತ್ತದೆ, 5 ಪಟ್ಟಿಯದು ಕಾಲು ಇಂಚೂ ಕುಗ್ಗುವುದಿಲ್ಲ. ಪಟ್ಟಿಗಳ ನಡುವಿನ ತಿಕ್ಕಾಟ ಸೇರಿದರೆ ಸಣ್ಣಪುಟ್ಟ ಗುಂಡಿಗೆ ಅದು ಅಲುಗುವುದೇ ಇಲ್ಲ. ಆಗ ಖಾಲಿ ಟ್ರೇಲರ್ ನೆಲದಿಂದ ಎಗರುತ್ತದೆ, ಟೈರು ರಸ್ತೆ ಬಿಡುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ಜಿಗಿಯುತ್ತದೆ. ಸ್ಪ್ರಿಂಗ್ ನುಂಗಬೇಕಿದ್ದ ಏಟನ್ನು ಫ್ರೇಮ್‌ನ ವೆಲ್ಡಿಂಗು, ಮಡ್‌ಗಾರ್ಡಿನ ಬ್ರ್ಯಾಕೆಟ್ಟು, ಬೇರಿಂಗು ತಿನ್ನುತ್ತವೆ. ಇನ್ನೊಂದು ಕೇಡೂ ಇದೆ. 3 ಪಟ್ಟಿಯ ಟ್ರೇಲರ್‌ನಲ್ಲಿ ಭಾರ ಹೆಚ್ಚಾದರೆ ಹಿಂಭಾಗ ಕುಸಿದು ಕಣ್ಣಿಗೆ ಕಾಣುತ್ತದೆ. 5 ಪಟ್ಟಿ ಹಾಕಿದ ಮೇಲೆ ಆ ಎಚ್ಚರಿಕೆಯೂ ಹೋಗುತ್ತದೆ, ಮುಂದೆ ಸ್ಪಿಂಡಲ್ ಬಗ್ಗಿದಾಗಲೇ ಗೊತ್ತಾಗುವುದು.

ಪಟ್ಟಿ ಎಣಿಸಿ ಶಕ್ತಿ ಅಳೆಯುವುದೂ ಸರಿಯಲ್ಲ. ಪಟ್ಟಿಯ ಸಂಖ್ಯೆ ಹೆಚ್ಚಿದಂತೆ ಬಿಗಿತ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಆದರೆ ದಪ್ಪ ಹೆಚ್ಚಿದರೆ ಅದರ ಘನದಷ್ಟು ಹೆಚ್ಚುತ್ತದೆ. ¼ ಇಂಚಿನ ಬದಲು 5/16 ಇಂಚಿನ ಪಟ್ಟಿ ಬಂದರೆ, ಬರಿಗಣ್ಣಿಗೆ ಗೊತ್ತೇ ಆಗದ ಆ ವ್ಯತ್ಯಾಸದಲ್ಲಿ ಬಿಗಿತ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ಉದ್ದದ್ದೂ ಹಾಗೆಯೇ, ಅದು ತಲೆಕೆಳಗು: ಉದ್ದ ಹೆಚ್ಚಿದಷ್ಟೂ ಘನದ ಲೆಕ್ಕದಲ್ಲಿ ಸ್ಪ್ರಿಂಗ್ ಮೆತ್ತಗಾಗುತ್ತದೆ. ಆದ್ದರಿಂದ ಇಬ್ಬರು ತಯಾರಕರ 3 ಪಟ್ಟಿಗಳ ಸಾಮರ್ಥ್ಯ ಬೇರೆಬೇರೆ ಇರಬಹುದು. ಪ್ರತಿ ಪಟ್ಟಿಯನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಿರಿ, ತುಕ್ಕು ಉಜ್ಜಿ ತೆಗೆದು, ತುದಿಯಿಂದ ದೂರ.

ಊರಿನ ಕಡೆ ಮುರಿದ ಪಟ್ಟಿಯೊಂದನ್ನೇ ಬದಲಿಸಿ, ಕುಸಿದ ಸೆಟ್ಟಿಗೆ ಕಮಾನು ಕೊಟ್ಟು, ಬೇಕಾದರೆ ಒಂದು ಪಟ್ಟಿ ಸೇರಿಸಿ ಕಟ್ಟಿಕೊಡುವ ಅಂಗಡಿಗಳಿವೆ. ಲಾರಿಯ ಸ್ಪ್ರಿಂಗ್ ದೊಡ್ಡದು, ದುಬಾರಿ, ಬಿಡಿ ಪಟ್ಟಿ ಸಿಗುತ್ತದೆ. ಅಲ್ಲಿ ಆ ಕೆಲಸಕ್ಕೆ ಅರ್ಥವಿದೆ. ಅಮೆರಿಕದಲ್ಲೂ ಲಾರಿ ಸ್ಪ್ರಿಂಗ್ ಮಾಡುವ ಅಂಗಡಿಗಳು ಈ ಕೆಲಸ ಮಾಡುತ್ತವೆ. ಆದರೆ ಈ ಚಿಕ್ಕ ಟ್ರೇಲರ್ ಸ್ಪ್ರಿಂಗ್ ಸಿದ್ಧ ಸರಕಾಗಿ ಸುಲಭವಾಗಿ ಸಿಗುವಾಗ ಕೂಲಿಯೇ ಹೊಸದರ ಬೆಲೆ ಮೀರುತ್ತದೆ. ಅಳತೆ ಎಲ್ಲೂ ಹೊಂದದ ಹಳೆಯ ಟ್ರೇಲರ್ ಆದರೆ ಮಾತ್ರ ಅವರ ಬಳಿ ಹೋಗಿ. ಮುರಿದ ಪಟ್ಟಿಗೆ ವೆಲ್ಡಿಂಗ್ ಮಾತ್ರ ಯಾವ ಕಾರಣಕ್ಕೂ ಬೇಡ. ಇದು ಕಾಯಿಸಿ ತಣಿಸಿ ಹದ ಕೊಟ್ಟ ಸ್ಪ್ರಿಂಗ್ ಉಕ್ಕು. ವೆಲ್ಡಿಂಗಿನ ಕಾವಿಗೆ ಆ ಹದ ಕೆಟ್ಟು ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಮುರಿಯುತ್ತದೆ. ಸ್ಪ್ರಿಂಗ್ ಇನ್ನೂ ಗಾಡಿಯಲ್ಲಿರುವಾಗ ಹ್ಯಾಂಗರ್‌ಗೆ (ಸ್ಪ್ರಿಂಗ್ ತುದಿಯನ್ನು ಫ್ರೇಮ್‌ಗೆ ಹಿಡಿಯುವ ಬ್ರ್ಯಾಕೆಟ್ಟು) ವೆಲ್ಡಿಂಗ್ ಮಾಡುವುದಿದ್ದರೂ ಕಿಡಿ ಪಟ್ಟಿಯ ಮೇಲೆ ಬೀಳದಂತೆ ಮುಚ್ಚಿ.

ಅಳತೆಗೆ ಬರೋಣ. ಮೊದಲು ಸ್ಪ್ರಿಂಗ್‌ನ ಬಗೆ ನೋಡಿಕೊಳ್ಳಿ. ಎರಡೂ ತುದಿಯಲ್ಲಿ ಕಣ್ಣಿದ್ದು ಹಿಂದೆ ಶ್ಯಾಕಲ್ ಇದ್ದರೆ ಅದು ಡಬಲ್ ಐ. ಮುಂದೆ ಮಾತ್ರ ಕಣ್ಣು, ಹಿಂದಿನ ತುದಿ ಹ್ಯಾಂಗರ್ ಒಳಗೆ ಜಾರುವಂತಿದ್ದರೆ ಸ್ಲಿಪ್ಪರ್. ಒಂದರ ಜಾಗಕ್ಕೆ ಇನ್ನೊಂದು ಬರುವುದಿಲ್ಲ, ಹ್ಯಾಂಗರ್ ಕತ್ತರಿಸಿ ಬೇರೆ ವೆಲ್ಡ್ ಮಾಡಬೇಕಾಗುತ್ತದೆ. ಸ್ಲಿಪ್ಪರ್ ಆದರೆ ಕಣ್ಣಿನ ನಡುವಿನಿಂದ ಜಾರುವ ತುದಿಯವರೆಗೆ ಅಳೆಯಿರಿ, ಆ ತುದಿ ಚಪ್ಪಟೆಯೋ ಕೊಕ್ಕೆಯಂತೆ ಬಾಗಿದೆಯೋ ಎಂದು ಬರೆದುಕೊಳ್ಳಿ. ನಿಮ್ಮ ಟ್ರೇಲರ್‌ನಂಥದಕ್ಕೆ ಹೆಚ್ಚಾಗಿ ಡಬಲ್ ಐ ಇರುತ್ತದೆ, ಮುಂದಿನ ಮಾತು ಅದರದ್ದು.

ಮುರಿಯದ ಬಲಗಡೆಯದನ್ನು ಅಳೆಯಿರಿ. ಗಾಡಿಯ ಭಾರ ಮೇಲಿರುವಾಗ ಅಳೆದರೆ ಸ್ಪ್ರಿಂಗ್ ಚಪ್ಪಟೆಯಾಗಿ ಉದ್ದ ಹೆಚ್ಚು ತೋರಿಸುತ್ತದೆ. ಫ್ರೇಮ್ ಎತ್ತಿ ಚಕ್ರ ಜೋತಾಡುವಂತೆ ಮಾಡಿ, ಆಮೇಲೆ ಒಂದು ಕಣ್ಣಿನ ನಡುವಿನಿಂದ ಇನ್ನೊಂದರ ನಡುವಿಗೆ ಟೇಪು ನೇರ ಹಿಡಿಯಿರಿ. ಪಟ್ಟಿಯ ಬಾಗಿನ ಮೇಲೆ ಟೇಪು ಹಾಯಿಸಬಾರದು. 25¼ ಬಂದರೆ ಅದು ಅತಿ ಸಾಮಾನ್ಯ ಅಳತೆ. ಆಮೇಲೆ ಮುಂದಿನ ಕಣ್ಣಿನಿಂದ ಸೆಂಟರ್ ಬೋಲ್ಟ್‌ಗೆ, ಸೆಂಟರ್ ಬೋಲ್ಟ್‌ನಿಂದ ಹಿಂದಿನ ಕಣ್ಣಿಗೆ ಬೇರೆಬೇರೆ ಅಳೆಯಿರಿ. ಎರಡೂ 12 5/8 ಇದ್ದರೆ ಸಮ. ಕೆಲವು ಸ್ಪ್ರಿಂಗ್‌ನಲ್ಲಿ ಬೋಲ್ಟು ನಡುವೆ ಇರುವುದಿಲ್ಲ. ಅದನ್ನು ಗಮನಿಸದೆ ಸಮದ್ದನ್ನು ಹಾಕಿದರೆ ಆಕ್ಸಲ್ ಮುಂದಕ್ಕೋ ಹಿಂದಕ್ಕೋ ಸರಿದು ಚಕ್ರ ಮಡ್‌ಗಾರ್ಡಿಗೆ ತಾಗುತ್ತದೆ. ಅಗಲ ಈ ಗಾತ್ರದಲ್ಲಿ ಬಹುತೇಕ 1¾ ಇಂಚು. ಹ್ಯಾಂಗರ್‌ನ ಒಳ ಅಗಲವನ್ನೂ ನೋಡಿ. ಬುಷ್ ತೆಗೆದು ಕಣ್ಣಿನ ಒಳವ್ಯಾಸ, ಹಾಗೆಯೇ ಬೋಲ್ಟಿನ ದಪ್ಪ ಅಳೆಯಿರಿ. ಬೋಲ್ಟು ಸಾಮಾನ್ಯವಾಗಿ 9/16 ಇಂಚು. ಹಳೆಯ ಬೋಲ್ಟು ನಡುವೆ ಸವೆದು ಸೊಂಟ ಸಣ್ಣಗಾಗಿರುತ್ತದೆ, ಆದ್ದರಿಂದ ತಲೆಯ ಹತ್ತಿರ ಅಳೆಯಿರಿ.

ಕಮಾನಿನ ಎತ್ತರ ಮಾತ್ರ ಹಳೆಯದನ್ನು ನೋಡಿ ಆರ್ಡರ್ ಮಾಡುವಂಥದ್ದಲ್ಲ. ವರ್ಷಗಟ್ಟಲೆ ಭಾರ ಹೊತ್ತು ಅದು ಕುಸಿದಿರುತ್ತದೆ. ಒಂದೇ ಕಡೆ ಬದಲಿಸಬೇಡಿ ಎನ್ನುವುದಕ್ಕೂ ಇದೇ ಕಾರಣ. ಹೊಸದು ಎತ್ತರ, ಹಳೆಯದು ತಗ್ಗು. ಟ್ರೇಲರ್ ಒಂದು ಕಡೆಗೆ ವಾಲಿ, ವಾಲಿದ ಕಡೆಯ ಟೈರು ಸದಾ ಹೆಚ್ಚು ಹೊರುತ್ತದೆ. ಹೊಸದರ ಕಮಾನು ತಯಾರಕರ ಅಳತೆಯಲ್ಲಿ ಎಷ್ಟಿದೆ ನೋಡಿ, ಎರಡು ಕಣ್ಣುಗಳ ನಡುವೆ ದಾರ ಎಳೆದು ಮೇಲಿನ ಪಟ್ಟಿಯ ನಡುವಿಗೆ ಇರುವ ದೂರ ಅದು. ಹಳೆಯದಕ್ಕಿಂತ 1 ಇಂಚು ಹೆಚ್ಚಿದ್ದರೆ ಟ್ರೇಲರ್‌ನ ಮೈ ಅಷ್ಟೇ ಮೇಲೇರುತ್ತದೆ. ಹಾಗಾದಾಗ ಹಿಚ್‌ನ ಎತ್ತರ ಸರಿಹೊಂದಿಸಿ ಮತ್ತೆ ಟ್ರೇಲರ್ ನೆಲಕ್ಕೆ ಸಮವಾಗಿ ನಿಲ್ಲುವಂತೆ ಮಾಡಬೇಕು. ಹಳೆಯದನ್ನು ಬಿಚ್ಚುವ ಮೊದಲೇ ಜೋಡಿಯಲ್ಲಿ ಬಂದ ಎರಡನ್ನೂ ಒಂದರ ಪಕ್ಕ ಒಂದು ನಿಲ್ಲಿಸಿ ಹೋಲಿಸಿ. ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಇದ್ದರೆ ವಾಪಸ್ ಕೊಡಿ.

ಜೊತೆಗೆ ತರಬೇಕಾದವು: 4 ಹೊಸ ಯು-ಬೋಲ್ಟು ನಟ್ಟು ಸಮೇತ, 6 ಕಣ್ಣು-ಶ್ಯಾಕಲ್ ಬೋಲ್ಟು, 4 ಶ್ಯಾಕಲ್ ಪಟ್ಟಿ, ಕಣ್ಣಿನ ಬುಷ್ (ಹೊಸ ಸ್ಪ್ರಿಂಗ್‌ನಲ್ಲಿ ಬಹಳ ಸಲ ಕೂಡಿಸಿಯೇ ಕೊಡುತ್ತಾರೆ), ಮತ್ತು ತುಕ್ಕು ತಿಂದಿದ್ದರೆ 2 ಯು-ಬೋಲ್ಟ್ ಪ್ಲೇಟು. ಹಳೆಯ ಯು-ಬೋಲ್ಟು ಮತ್ತೆ ಹಾಕಬೇಡಿ. ಒಮ್ಮೆ ಬಿಗಿದ ಮೇಲೆ ಅದರ ಮರೆ (ನಟ್ಟು ತಿರುಗುವ ಸುತ್ತುಗೆರೆ) ಎಳೆದುಕೊಂಡಿರುತ್ತದೆ, ಎರಡನೇ ಸಲ ಅದೇ ಬಿಗಿ ಹಿಡಿಯುವುದಿಲ್ಲ. ಹೊಸದನ್ನು ಕೊಳ್ಳುವಾಗ ಆಕ್ಸಲ್ ಗುಂಡೋ ಚೌಕವೋ, ಅದರ ಅಗಲ ಎಷ್ಟು ಎಂದು ಹೇಳಿ. ಉದ್ದಕ್ಕೆ ಆಕ್ಸಲ್, ಸೀಟು (ಸ್ಪ್ರಿಂಗ್ ಕೂರುವ ಆಕ್ಸಲ್ ಮೇಲಿನ ಪೀಠ), ಪಟ್ಟಿಗಳ ಒಟ್ಟು ದಪ್ಪ, ಪ್ಲೇಟು, ನಟ್ಟು ಎಲ್ಲ ಕೂಡಿಸಿ, ಮೇಲೆ ಎರಡು ಮೂರು ಮರೆ ಉಳಿಯುವಷ್ಟು ತೆಗೆದುಕೊಳ್ಳಿ.

ಬಿಚ್ಚುವಾಗ ಟ್ರೇಲರನ್ನು ಸಮನೆಲದಲ್ಲಿ ಕಾರಿಗೆ ಕೂಡಿಸಿಯೇ ಇಡಿ, ಕಾರಿನ ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಅಡ್ಡೆ ಕೊಡಿ. ಚಕ್ರದ ನಟ್ಟು ನೆಲದ ಮೇಲಿರುವಾಗಲೇ ಸಡಿಲಿಸಿ. ಜಾಕ್ ಫ್ರೇಮ್‌ಗೆ ಕೊಡಬೇಕು, ಆಕ್ಸಲ್ ಕೊಳವೆಯ ನಡುವೆ ಅಲ್ಲ. ಆ ಕೊಳವೆಗೆ ನಡುವೆ ಮೇಲ್ಮುಖವಾಗಿ ಸಣ್ಣ ಬಾಗು ಕೊಟ್ಟಿರುತ್ತಾರೆ, ಭಾರ ಬಿದ್ದಾಗ ಚಕ್ರ ನೇರ ನಿಲ್ಲಲೆಂದು. ಅಲ್ಲಿ ಜಾಕ್ ಕೊಟ್ಟರೆ ಕೊಳವೆ ಬಗ್ಗಿ ಚಕ್ರದ ಕೋನ ಕೆಡಬಹುದು. ಫ್ರೇಮಿನ ಎರಡೂ ಕಡೆ ಜಾಕ್ ಸ್ಟ್ಯಾಂಡ್ ನಿಲ್ಲಿಸಿದ ಮೇಲೆಯೇ ಕೆಳಗೆ ಕೈ ಹಾಕಿ. ಒಂದು ಕಡೆ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಕಡೆ ಬಿಚ್ಚಿ. ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಆಕ್ಸಲ್ ಉರುಳುತ್ತದೆ, ಆ ಬಾಗಿನ ದಿಕ್ಕೂ ತಪ್ಪುತ್ತದೆ. ತುಕ್ಕು ಹಿಡಿದ ಯು-ಬೋಲ್ಟಿನ ಜೊತೆ ಗುದ್ದಾಡಬೇಡಿ, ಗ್ರೈಂಡರ್‌ನಿಂದ ಕತ್ತರಿಸಿ, ಹೇಗೂ ಎಸೆಯುವಂಥದ್ದು. ಗ್ರೈಂಡರಿನ ಚಕ್ರ ಆಕ್ಸಲ್ ಕೊಳವೆಗೆ ತಾಗದಂತೆ ನೋಡಿಕೊಳ್ಳಿ.

ಹೊಸದನ್ನು ಕೂರಿಸುವಾಗ ಸೆಂಟರ್ ಬೋಲ್ಟಿನ ಗುಂಡು ತಲೆ ಆಕ್ಸಲ್ ಸೀಟಿನ ತೂತಿನೊಳಗೆ ಪೂರ್ತಿ ಇಳಿದಿರಬೇಕು. ಆಕ್ಸಲ್ ಸ್ಪ್ರಿಂಗ್‌ನ ಕೆಳಗಿದ್ದರೆ ತಲೆ ಕೆಳಮುಖ, ಮೇಲಿದ್ದರೆ ಮೇಲ್ಮುಖ. ಹೊಸ ಸ್ಪ್ರಿಂಗ್‌ನಲ್ಲಿ ತಿರುವುಮುರುವು ಬಂದಿದ್ದರೆ ಪಟ್ಟಿಗಳನ್ನು ಎರಡೂ ಪಕ್ಕ ಸಿ-ಕ್ಲ್ಯಾಂಪ್ ಹಾಕಿ ಬಿಗಿದುಕೊಂಡೇ ಬೋಲ್ಟು ತೆಗೆದು ತಿರುಗಿಸಿ ಹಾಕಿ, ಇಲ್ಲದಿದ್ದರೆ ಪಟ್ಟಿಗಳು ಸಿಡಿಯುತ್ತವೆ. ಸೀಟಿನ ಮೇಲಿನ ದಪ್ಪ ಬಣ್ಣ, ತುಕ್ಕಿನ ಚಕ್ಕೆ ಕೆರೆದು ತೆಗೆಯಿರಿ. ಅದು ನಡುವೆ ಉಳಿದರೆ ಓಡಾಟದಲ್ಲಿ ಪುಡಿಯಾಗಿ ಯು-ಬೋಲ್ಟು ಸಡಿಲವಾಗುತ್ತದೆ.

ಶ್ಯಾಕಲ್ ಬೋಲ್ಟಿನ ತಲೆಯ ಕೆಳಗೆ ಹಲ್ಲು ಇರುತ್ತದೆ. ಅದು ಹ್ಯಾಂಗರ್ ಅಥವಾ ಶ್ಯಾಕಲ್ ಪಟ್ಟಿಯ ತೂತಿನಲ್ಲಿ ಕಚ್ಚಿ ಕೂರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಿ, ಆಮೇಲೆ ನಟ್ಟು ಮಾತ್ರ ತಿರುಗಿಸಿ. ತಲೆ ತಿರುಗಿಸಿದರೆ ತೂತು ಸವೆದು ಮುಂದೆ ಬೋಲ್ಟೇ ಸುತ್ತತೊಡಗುತ್ತದೆ. ಆಕ್ಸಲ್ ತಯಾರಿಸುವ ಡೆಕ್ಸ್ಟರ್ ಕಂಪನಿಯ ಕೈಪಿಡಿಯಲ್ಲಿ ಈ ಬೋಲ್ಟುಗಳಿಗೆ 30ರಿಂದ 50 ಅಡಿ-ಪೌಂಡು, ಅರ್ಧ ಇಂಚಿನ ಯು-ಬೋಲ್ಟಿಗೆ 45ರಿಂದ 70 ಅಡಿ-ಪೌಂಡು ಬಿಗಿತ ಹೇಳಿದೆ. ನಿಮ್ಮ ಯು-ಬೋಲ್ಟು ಅದಕ್ಕಿಂತ ಸಣ್ಣದಾದರೆ ಅಷ್ಟು ಬಿಗಿಯಬೇಡಿ, ಕಿಟ್ ಜೊತೆ ಬಂದ ಕಾಗದದ ಅಂಕಿ ಪಾಲಿಸಿ. ನಾಲ್ಕು ನಟ್ಟನ್ನೂ ಕರ್ಣಕ್ಕೆ ಕರ್ಣ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬನ್ನಿ, ಪ್ಲೇಟು ಓರೆಯಾಗಬಾರದು. ಎಲ್ಲ ಬಿಗಿದ ಮೇಲೂ ಶ್ಯಾಕಲ್ ಸನ್ನೆಕೋಲಿಗೆ ಅಲುಗಬೇಕು. ಅಲುಗದಿದ್ದರೆ ಹ್ಯಾಂಗರ್ ಕಿವಿಗಳು ಸ್ಪ್ರಿಂಗನ್ನು ಹಿಂಡುತ್ತಿವೆ; ಹಳೆಯದನ್ನು ಮುರಿದ ಕಾಯಿಲೆಯೇ ಮತ್ತೆ ಬಂತು.

ಚಕ್ರ ಹಾಕಿ ನೆಲಕ್ಕಿಳಿಸಿದ ಮೇಲೆ ಮೂರು ಕಡೆ ಟೇಪು ಹಿಡಿಯಿರಿ. ಹಿಚ್ ಮೇಲೆ ಕೂರುವ ಮುಂದಿನ ಕಪ್ಲರ್‌ನ ನಡುವಿನಿಂದ ಆಕ್ಸಲ್‌ನ ಎಡತುದಿಗೂ ಬಲತುದಿಗೂ ದೂರ ಒಂದೇ ಇರಬೇಕು. ⅛ ಇಂಚಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಟ್ರೇಲರ್ ಓರೆ ಓಡಿ ಟೈರು ಒಂದೇ ಅಂಚಿಗೆ ಸವೆಯುತ್ತದೆ. ಟೈರಿನ ಮೇಲಕ್ಕೂ ಮಡ್‌ಗಾರ್ಡಿಗೂ ನಡುವೆ ಖಾಲಿಯಲ್ಲಿ 3 ಇಂಚಾದರೂ ಜಾಗ ಇರಲಿ. ಕೊನೆಗೆ ಶ್ಯಾಕಲ್. ಭಾರ ಬಿದ್ದಾಗ ಅದರ ಕೆಳತುದಿ ಹಿಂದಕ್ಕೆ ಹೋಗುತ್ತದೆ, ಹಾಗೆ ಹೋಗಲು ಜಾಗ ಉಳಿದಿರಬೇಕು. ಖಾಲಿ ಇರುವಾಗಲೇ ಹಿಂದಕ್ಕೆ ಮಲಗಿದಂತಿದ್ದರೆ ನೀವು ತಂದ ಸ್ಪ್ರಿಂಗ್ ಉದ್ದ ಜಾಸ್ತಿ, ಅದನ್ನು ಹಾಗೇ ಬಿಡಬೇಡಿ.

ಚಕ್ರದ ನಟ್ಟು ನಕ್ಷತ್ರದ ಕ್ರಮದಲ್ಲಿ, ಎರಡು ಮೂರು ಹಂತದಲ್ಲಿ ಬಿಗಿಯಿರಿ. 10, 25, 50 ಮೈಲಿ ಓಡಿದಾಗ ಮತ್ತೆ ಟಾರ್ಕ್ ರೆಂಚ್ ಹಿಡಿದು ನೋಡಿ. ಯು-ಬೋಲ್ಟನ್ನೂ ಮೊದಲ ಲೋಡು ಇಳಿಸಿದ ಕೂಡಲೇ ಒಮ್ಮೆ ಬಿಗಿಯಿರಿ, ಹೊಸ ಪಟ್ಟಿಗಳು ಒಂದರ ಮೇಲೊಂದು ಕುಳಿತುಕೊಳ್ಳುವಾಗ ಬಿಗಿ ಇಳಿದೇ ಇಳಿಯುತ್ತದೆ. ಆಮೇಲೆ ವರ್ಷಕ್ಕೊಮ್ಮೆ ಬೇರಿಂಗಿಗೆ ಗ್ರೀಸ್ ಹಾಕುವ ದಿನವೇ ಇದನ್ನೂ ನೋಡಿದರಾಯಿತು. ನಿಮ್ಮ ಬುಷ್ ನೈಲಾನಿನದಾದರೆ ಗ್ರೀಸ್ ಹೋಗುವ ದಾರಿಯೇ ಇರುವುದಿಲ್ಲ, ಸವೆದಾಗ ಬದಲಿಸುವುದಷ್ಟೇ. ಲೋಡು ಜಾಸ್ತಿ ಓಡಿಸುವವರಾದರೆ ಈಗಲೇ ಹಿತ್ತಾಳೆ ಬಣ್ಣದ ಕಂಚಿನ ಬುಷ್ ಮತ್ತು ಗ್ರೀಸ್ ನಿಪ್ಪಲ್ ಇರುವ ಬೋಲ್ಟಿನ ಕಿಟ್ ಹಾಕಿಸಿಕೊಳ್ಳಿ. ಬೋಲ್ಟಿನ ಗ್ರೀಸ್ ತೂತು ಭಾರ ಬೀಳುವ ಕಡೆಗೆ ಮುಖ ಮಾಡಬಾರದು, ಪಕ್ಕಕ್ಕೆ ಇರಲಿ. ಭಾರದ ಕಡೆಗಿದ್ದರೆ ತೂತು ಮುಚ್ಚಿಕೊಂಡು ಗ್ರೀಸ್ ಒಳಗೆ ಹೋಗುವುದಿಲ್ಲ.